ಋತುವೂ ಶಿವಯೋಗವೂ

ಫಾಲ್ಗುಣವು ಕಳೆದು ಚೈತ್ರವು ತಲೆದೋರಿತೆಂದರೆ ನಮ್ಮ ನಾಡಿನಲ್ಲಿ ಹಬ್ಬಗಳ ಸಾಲೇ ಬರುವುದು. ಕಾಮದಹನದ ಬೂದಿ ಗಾಳಿಗೆ ಹಾರಿ ಹದಿನೈದು ದಿನಗಳಾಗುವಷ್ಟರಲ್ಲಿ ಯುಗಾದಿಯ ಬೇವುಬೆಲ್ಲ. ಆ ದಿನದಿಂದಲೇ ವಸಂತ ನವರಾತ್ರಿಯ ಆರಂಭ. ಚೈತ್ರದ ಪೂರ್ಣಿಮೆಗೆ ದವನದ ಹುಣ್ಣಿಮೆ, ಅಂದೇ ಅಕ್ಕಮಹಾದೇವಿಯ ಜಯಂತಿ. ಮುಂದೆ ವೈಶಾಖ ಶುದ್ಧ ತದಿಗೆಯಂದು ಬಸವ ಜಯಂತಿ. ಯೋಗಸಾಧನೆಗೆ ಈ ಕಾಲವೇ ಶ್ರೇಷ್ಠವಾದುದು, ದೇವಿಯ ಶಕ್ತಿಯು ಜಾಗೃತವಾಗಿರುವ ಈ ದಿನಗಳಲ್ಲಿ ತೊಡಗಿದ ಸಾಧನೆಯು ಬೇಗನೆ ಫಲಿಸುವುದು ಎಂದು ಹೇಳುವವರು ಇತ್ತೀಚೆಗೆ ಹೆಚ್ಚಾಗಿರುವರು. ಈ ಮಾತನ್ನು ಶರಣರ ನುಡಿಯ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬ ಬಯಕೆ ನನಗೆ ಬಹುದಿನಗಳಿಂದ ಇದ್ದಿತು. ಆದರೆ ನನ್ನನ್ನು ಬರೆಯಲು ಹಚ್ಚಿದುದು ಒಬ್ಬ ಹೆಣ್ಣುಮಗಳ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಯುಗಾದಿಯ ಮುನ್ನಾದಿನ ಸಂಜೆ ನಾವು ನಾಲ್ಕಾರು ಜನ ಮಠದ ಕಟ್ಟೆಯ ಮೇಲೆ ಕುಳಿತಿದ್ದೆವು. ಹೊಸದಾಗಿ ಮದುವೆಯಾಗಿ ಆ ಊರಿಗೆ ಬಂದಿದ್ದ ಆಕೆ ಹೆಬ್ಬಾಗಿಲಿನ ಹೊರಗೇ ನಿಂತು, ಜೊತೆಯಲ್ಲಿ ಬಂದಿದ್ದ ಹಿರಿಯಳ ಬಾಯಿಂದ ಕೇಳಿಸಿದಳು: ತಾನು ಮುಟ್ಟಾಗಿರುವುದರಿಂದ ಹಬ್ಬದ ದಿನ ಲಿಂಗವನ್ನು ಮುಟ್ಟಕೂಡದೆಂದು ಮನೆಯಲ್ಲಿ ಹೇಳಿರುವರು, ದೀಕ್ಷೆಯಾದಂದಿನಿಂದ ಒಂದು ದಿನವೂ ಪೂಜೆ ತಪ್ಪಿಸಿದವಳಲ್ಲ, ನಾಳೆ ಏನು ಮಾಡಬೇಕು? ವಚನಗಳನ್ನು ಗಂಟೆಗಟ್ಟಲೆ ವಿವರಿಸಬಲ್ಲ ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಮನೆಯ ಹಿರಿಯರು ಹೇಳಿದಂತೆ ನಡೆದುಕೊಳ್ಳಲಿ ಎಂದು ಕೊನೆಗೆ ಹೇಳಿದವನು ನಾನೇ. ಆಕೆ ಏನೂ ಅನ್ನದೆ ಹೋದಳು.

ಋತುವಿಗೂ ಸಾಧನೆಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಚಳಿಗಾಲದಲ್ಲಿ ದೇಹದಲ್ಲಿ ಸೇರಿದ ಕಫವು ವಸಂತದ ಬಿಸಿಲಿಗೆ ಕರಗುವುದೆಂದೂ, ಆಗ ಲಘುವಾದ ಆಹಾರವೂ ವ್ಯಾಯಾಮವೂ ಹಿತವೆಂದೂ, ಹಗಲು ನಿದ್ದೆ ಕೂಡದೆಂದೂ ಆಯುರ್ವೇದದ ಋತುಚರ್ಯೆ ಹೇಳುವುದು. ಬೇವು ಚಿಗುರಿ ಹೂ ಬಿಡುವ ಕಾಲದಲ್ಲಿಯೇ ಅದನ್ನು ಬೆಲ್ಲದೊಡನೆ ತಿನ್ನುವ ರೂಢಿಯು ಬಂದಿರುವುದನ್ನೂ ನೆನೆಯಬಹುದು. ಹಿಂಗಾರಿನ ಜೋಳದ ಸುಗ್ಗಿ ಮುಗಿದು ಒಕ್ಕಲಿಗನ ಕೈಗೆ ಬಿಡುವು ದೊರೆಯುವುದೂ ಈಗಲೇ. ನಸುಕಿನಲ್ಲೆದ್ದು ಆಸನ, ಪ್ರಾಣಾಯಾಮಗಳಲ್ಲಿ ತೊಡಗುವವನಿಗೆ ಇದು ಅನುಕೂಲವಾದ ಕಾಲವೇ ಸರಿ. ಆದರೆ ಅನುಕೂಲವಾದ ಕಾಲ ಬೇರೆ, ಪುಣ್ಯಕಾಲ ಬೇರೆ. ಮೊದಲನೆಯದು ದೇಹಕ್ಕೆ ಸಂಬಂಧಪಟ್ಟದ್ದು. ಎರಡನೆಯದನ್ನು ಒಪ್ಪಿದೊಡನೆ ಪುಣ್ಯವಲ್ಲದ ಕಾಲವೊಂದನ್ನೂ ಒಪ್ಪಬೇಕಾಗುವುದು. ಶರಣರು ತಡೆದು ನಿಂತುದು ಈ ಹೆಜ್ಜೆಯಲ್ಲಿಯೇ. ತಾರಾಬಲ ಚಂದ್ರಬಲಗಳ ಎಣಿಕೆಯನ್ನು ಬದಿಗಿಟ್ಟು, ಶರಣರು ಕೂಡಿದ ಗಳಿಗೆಯನ್ನೇ ಶುಭಲಗ್ನವೆಂದು ಬಗೆದವನು ಬಸವಣ್ಣ. ಶಿವಯೋಗಿಗೆ ಪಂಚಾಂಗವು ತಿಂಗಳು ತಿಥಿಗಳನ್ನು ತಿಳಿಸುವ ಪುಸ್ತಕವೇ ಹೊರತು ಲಿಂಗದ ಬಾಗಿಲನ್ನು ತೆರೆದು ಮುಚ್ಚುವ ಕೀಲಿಕೈಯಲ್ಲ.

ಇನ್ನು ದೇವಿಯ ಶಕ್ತಿಯ ವಿಚಾರ. ನಮ್ಮ ಸಿದ್ಧಾಂತದ ಹೆಸರೇ ಶಕ್ತಿವಿಶಿಷ್ಟಾದ್ವೈತ. ಶಕ್ತಿಯನ್ನು ಬಿಟ್ಟು ಶಿವನನ್ನು ಹೇಳುವ ರೂಢಿಯೇ ನಮ್ಮಲ್ಲಿಲ್ಲ. ಆದರೆ ಆ ಶಕ್ತಿಯು ಎಲ್ಲಿರುವುದು? ಮಗ್ಗೆಯ ಮಾಯಿದೇವನು ತನ್ನ ಅನುಭವಸೂತ್ರದಲ್ಲಿ ಇದನ್ನು ನಿರೂಪಿಸಿರುವನು. ಒಂದೇ ಶಕ್ತಿಯು ಎರಡಾಗಿ, ಲಿಂಗವನ್ನು ಆಶ್ರಯಿಸಿದಾಗ ಕಲೆಯೆನಿಸುವುದು, ಅಂಗವನ್ನು ಆಶ್ರಯಿಸಿದಾಗ ಭಕ್ತಿಯೆನಿಸುವುದು. ಅಲ್ಲಿ ಪ್ರವೃತ್ತಿ, ಇಲ್ಲಿ ನಿವೃತ್ತಿ. ಆಚಾರಲಿಂಗದಲ್ಲಿ ಕ್ರಿಯಾಶಕ್ತಿ, ಗುರುಲಿಂಗದಲ್ಲಿ ಜ್ಞಾನಶಕ್ತಿ, ಶಿವಲಿಂಗದಲ್ಲಿ ಇಚ್ಛಾಶಕ್ತಿ ಎಂದು ಆರಂಭಿಸಿ ಮಹಾಲಿಂಗದ ಚಿಚ್ಛಕ್ತಿಯವರೆಗೆ ಆರು ಶಕ್ತಿಗಳನ್ನು ಹೇಳುವುದೂ, ಅವುಗಳಿಗೆದುರಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸಗಳೆಂಬ ಆರು ಭಕ್ತಿಗಳನ್ನು ನಿಲ್ಲಿಸುವುದೂ ಇದಕ್ಕಾಗಿಯೇ. ಅಂದ ಮೇಲೆ ದೇವಿಯು ಒಂಬತ್ತು ದಿನಗಳ ಮಟ್ಟಿಗೆ ಹೊರಗಿನಿಂದ ಬಂದು ಹೋಗುವ ಅತಿಥಿಯಲ್ಲ. ಬೆಳಗಿನ ಜಾವ ಲಿಂಗವನ್ನು ಅಂಗೈಗೆ ತಂದುಕೊಂಡು ಕಣ್ಣು ನಿಲ್ಲಿಸುವಾಗ ನಮ್ಮೊಳಗೆ ಆ ಕಡೆಗೆ ತಿರುಗುವ ಒಂದು ಒಲವಿದೆಯಲ್ಲವೇ, ಆಕೆಯೇ ಅದು. ಶರಣ ಸತಿ, ಲಿಂಗ ಪತಿ ಎಂಬ ಭಾವದ ಮೂಲವೂ ಇಲ್ಲಿಯೇ ಇರುವುದು. ಗಡ್ಡಮೀಸೆ ಹೊತ್ತ ನಾವೂ ಲಿಂಗದೆದುರಿಗೆ ಸತಿಯರೇ.

ವಸಂತದ ವಿಚಾರದಲ್ಲಿ ನಮ್ಮ ಕವಿಗಳು ಪಂಚಾಂಗದವರಿಗಿಂತ ಆಳವಾಗಿ ಯೋಚಿಸಿರುವರು. ವಸಂತನು ಕಾಮನ ಗೆಳೆಯ. ಹರಿಹರನ ಗಿರಿಜಾಕಲ್ಯಾಣದ ಕಥೆಯನ್ನು ಬಲ್ಲವರಿಗೆ ಇದು ತಿಳಿದುದೇ: ಶಿವನ ಸಮಾಧಿಯನ್ನು ಕೆಡಿಸಲು ದೇವತೆಗಳು ಕಾಮನನ್ನು ಕಳುಹಿದರು, ಕಾಮನು ಉರಿದುಹೋದನು, ಗಿರಿಜೆ ಶಿವನನ್ನು ಪಡೆದುದು ತಪಸ್ಸಿನಿಂದ. ಚಿಗುರು, ಕೋಗಿಲೆ, ಮಂದಮಾರುತಗಳ ಸಮಸ್ತ ಸಹಾಯದಿಂದ ಆಗದ ಕೆಲಸವು ಎಲ್ಲವನ್ನೂ ತೊರೆದು ನಿಂತ ಒಬ್ಬ ಹೆಣ್ಣುಮಗಳ ನಿಷ್ಠೆಯಿಂದ ಆಯಿತು. ಯೋಗಕ್ಕೆ ಋತುವು ಸಾಕೆಂದಿದ್ದರೆ ಕಾಮನ ಬಾಣವೇ ಗುರಿ ಮುಟ್ಟುತ್ತಿತ್ತು! ಹಾಗೆಂದು ಕಾಮವನ್ನು ಸುಟ್ಟುಬಿಡುವುದೇ ಯೋಗವೆಂದೂ ಹೇಳಲಾಗದು. ಸುಟ್ಟವನೇ ಮುಂದೆ ಮದುವಣಿಗನಾಗಿ ಬಂದನು. ಉಡುತಡಿಯ ಮಹಾದೇವಿ ಈ ಎರಡು ತುದಿಗಳ ನಡುವಿನ ದಾರಿಯನ್ನು ನಡೆದು ತೋರಿಸಿದಳು. ಕೌಶಿಕನ ಅರಮನೆಯನ್ನು ಬಿಟ್ಟಳು, ಒಲವನ್ನು ಬಿಡಲಿಲ್ಲ. ಅದನ್ನು ಚೆನ್ನಮಲ್ಲಿಕಾರ್ಜುನನ ಕಡೆಗೆ ತಿರುಗಿಸಿದಳು. ಕಲ್ಯಾಣದಲ್ಲಿ ಅಲ್ಲಮನು ಆಕೆಯನ್ನು ಕೆಣಕಿ ಕೆಣಕಿ ಪ್ರಶ್ನಿಸಿದುದೂ ಈ ತಿರುವು ನಿಜವಾದುದೇ ಎಂದು ಅರಿಯಲಿಕ್ಕೆ. ಆ ಸಂವಾದದಲ್ಲಿ ಆಕೆ ಹುಟ್ಟಿದ ತಿಥಿ ಯಾವುದೆಂದು ಯಾರೂ ಕೇಳಿದಂತೆ ಕಾಣದು.

ಆಕೆ ಕೊನೆಗೆ ಸೇರಿದ ಶ್ರೀಶೈಲಕ್ಕೆ ಇಂದಿಗೂ ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಲಕ್ಷಾಂತರ ಜನ ಹೋಗುವರು. ಅವರಲ್ಲಿ ಎಷ್ಟೋ ಮಂದಿ ನಡೆದೇ ಹೋಗುವರು. ನಲ್ಲಮಲೆಯ ಕಾಡಿನಲ್ಲಿ ಸುಡುವ ಕಲ್ಲಿನ ಮೇಲೆ ಬೊಬ್ಬೆಯೆದ್ದ ಕಾಲುಗಳಿಂದ, ಭೀಮನ ಕೊಳ್ಳವನ್ನು ಇಳಿದು ಹತ್ತಿ ಕೈಲಾಸದ್ವಾರವನ್ನು ಮುಟ್ಟುವ ಆ ಜನರನ್ನು ಕಂಡವರಿಗೆ ಯೋಗವೆಂಬ ಮಾತಿಗೆ ಬೇರೆ ವ್ಯಾಖ್ಯಾನ ಬೇಕಾಗದು. ಅವರ ಗಂಟಿನಲ್ಲಿ ಒಂದು ಸೀರೆ, ಅರಿಸಿನ ಕುಂಕುಮಗಳಿರುವವು. ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯನಿಗೆ ಕೊಟ್ಟ ಹೆಣ್ಣು. ಹಬ್ಬಕ್ಕೆ ತವರಿನ ಉಡುಗೊರೆ ತಲುಪಿಸಬೇಕು ಎಂಬ ಭಾವ ಅವರದು. ಜಗನ್ಮಾತೆಯನ್ನು ಮಗಳೆಂದು ಕರೆಯುವ ಈ ಸಲಿಗೆಗಿಂತ ಮಧುರವಾದುದನ್ನು ನಾನು ಕಾಣೆ. ಆದರೆ ಬೆಟ್ಟದ ಮೇಲಿನ ಮಗಳಿಗೆ ಸೀರೆ ಹೊತ್ತು ನಡೆಯುವ ಅದೇ ದಿನ ಕೆಲವು ಮನೆಗಳಲ್ಲಿ ಸೊಸೆಯು ಹೊರಜಗಲಿಯ ಮೂಲೆಯಲ್ಲಿ ಕುಳಿತಿರುವಳು. ನಮ್ಮ ನುಡಿಯಲ್ಲಿ ವಸಂತಕ್ಕೂ ಆಕೆಯ ಆ ಸ್ಥಿತಿಗೂ ಇರುವ ಹೆಸರು ಒಂದೇ: ಋತು. ಆಕೆಯನ್ನು ಪುಷ್ಪವತಿಯೆಂದೂ ಕರೆದಿರುವರು. ಮರದ ಹೂವಿಗೆ ಹಬ್ಬ ಮಾಡಿ, ಆಕೆಗೆ ಮೈಲಿಗೆಯನ್ನು ಹೊರಿಸಿದೆವು.

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಅಲ್ಲಗಳೆದುದು ಮಕ್ಕಳಿಗೂ ಪಾಠವಾಗಿರುವ ಸಂಗತಿ. ವಚನಗಳನ್ನು ಮಾತ್ರ ನಂಬುವುದಿಲ್ಲ, ಶಾಸ್ತ್ರಪ್ರಮಾಣ ಬೇಕು ಎನ್ನುವವರಿಗೆ ಸಿದ್ಧಾಂತಶಿಖಾಮಣಿಯಿದೆ. ಲಿಂಗಾರ್ಚನೆಯಲ್ಲಿ ನಿರತಳಾದವಳಿಗೆ ಋತುಕಾಲದಲ್ಲಿಯೂ ಪ್ರಸವದಲ್ಲಿಯೂ ಸೂತಕವಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಎರಡೂ ಕಡೆಯವರು ಒಪ್ಪುವ ಇಂಥ ವಿಷಯಗಳು ನಮ್ಮಲ್ಲಿ ಹೆಚ್ಚಿಲ್ಲ. ಹಾಗಿದ್ದೂ ಎಷ್ಟೋ ಮನೆಗಳಲ್ಲಿ ನಡೆಯುವುದು ಮೂರನೆಯದೇ. ಯುಕ್ತಿಯಿಂದ ನೋಡಿದರೂ ಇದು ನಿಲ್ಲದು. ಇಷ್ಟಲಿಂಗವು ಗುಡಿಯೊಳಗಿರುವುದಲ್ಲ, ಆಕೆಯ ಎದೆಯ ಮೇಲಿರುವುದು. ಆ ಮೂರು ದಿನ ಅದನ್ನು ತೆಗೆದಿಡೆಂದು ಹೇಳುವ ಧೈರ್ಯ ಯಾವ ಅತ್ತೆಗೂ ಇಲ್ಲ, ಯಾವ ಅಯ್ಯನಿಗೂ ಇಲ್ಲ. ಅಂಗದಿಂದ ಲಿಂಗವು ಅಗಲಬಾರದು. ಎದೆಯು ಧರಿಸಬಹುದಾದುದನ್ನು ಕೈಯು ಮುಟ್ಟಬಾರದೆಂದರೆ ಆ ಕೈ ಯಾರದು, ಎದೆ ಯಾರದು?

ಹಿಂದಿನವರು ಇದನ್ನು ಮಾಡಿದುದು ಹೆಣ್ಣುಮಕ್ಕಳ ವಿಶ್ರಾಂತಿಗಾಗಿ ಎಂದು ಒಬ್ಬ ಹಿರಿಯರು ನನ್ನೊಡನೆ ವಾದಿಸಿದರು. ಇರಬಹುದು. ನೀರು ಹೊರುವುದು, ಬೀಸುವುದು, ಕುಟ್ಟುವುದು ಇವುಗಳಿಂದ ಆ ದಿನಗಳಲ್ಲಿ ಬಿಡುವು ಸಿಕ್ಕಿದ್ದರೆ ಒಳ್ಳೆಯದೇ ಆಯಿತು. ಇಂದೂ ಹಬ್ಬದ ಅಡುಗೆಯ ಭಾರವನ್ನು ಅಂದು ಗಂಡಸರು ಹೊತ್ತರೆ ನಾನು ಬೇಡವೆನ್ನಲಾರೆ. ಕೊಡಬೇಕಾದುದು ಕೆಲಸದಿಂದ ಬಿಡುವು. ನಾವು ಕಸಿದುಕೊಂಡುದು ಪೂಜೆಯನ್ನು. ನೋವಿನಲ್ಲಿ ಬಳಲಿದವಳು ಆಸನಗಳನ್ನು ಬಿಡಲಿ, ದೇಹ ಒಪ್ಪದ ಪ್ರಾಣಾಯಾಮವನ್ನೂ ಬಿಡಲಿ. ಲಿಂಗವನ್ನು ನೋಡುತ್ತ ಕುಳಿತಿರಲು ಯಾವ ದೇಹಬಲ ಬೇಕು?

ಈ ಎಲ್ಲ ವಿಚಾರವೂ ಅಂದು ಸಂಜೆ ನನಗೆ ತಿಳಿಯದುದಲ್ಲ. ತಿಳಿದೂ ಹೆಬ್ಬಾಗಿಲಿನವರೆಗೆ ಎದ್ದು ಹೋಗಲಿಲ್ಲ. ನಾಲ್ವರು ಏನನ್ನುವರೋ ಎಂಬ ಅಂಜಿಕೆ. ಆಕೆ ಈಗ ಎರಡು ಮಕ್ಕಳ ತಾಯಿಯೆಂದು ಕೇಳಿದ್ದೇನೆ. ಈ ಪತ್ರಿಕೆಯು ಆ ಮನೆಗೆ ಹೋಗುವುದರಿಂದ, ಹೇಳಬೇಕಾಗಿದ್ದುದನ್ನು ಇಲ್ಲಿ ಹೇಳುತ್ತೇನೆ. ತಾಯೀ, ಯುಗಾದಿಯ ದಿನ ನಸುಕಿನಲ್ಲಿ ಏಳು. ಮೈ ಒಪ್ಪಿದರೆ ಎಣ್ಣೆಯ ಸ್ನಾನ, ಇಲ್ಲವಾದರೆ ಬರಿಯ ಬಿಸಿನೀರು ಸಾಕು. ವಿಭೂತಿ ಧರಿಸಿ, ಲಿಂಗವನ್ನು ಎಡದ ಅಂಗೈಯ ಮೇಲೆ ಇಟ್ಟುಕೊಂಡು, ಎದೆಯ ಮಟ್ಟಕ್ಕೆ ಹಿಡಿದು ಅರೆಗಣ್ಣಿನಿಂದ ನೋಡು. ಹಿತ್ತಲಿನ ಬೇವಿನಲ್ಲಿ ಹೂವು ಇದ್ದರೆ ಒಂದು ಗೊಂಚಲನ್ನು ನಿನ್ನ ಕೈಯಿಂದಲೇ ಕಿತ್ತು ತಂದು ಏರಿಸು.