‘ನನ್ನ ಕೈಲಾಗಲ್ಲ’ ಅನ್ನುವುದು ಯಾರು?

ವಸುಧಾ: ಪಿಎಚ್‌ಡಿ ಬಿಟ್ಟುಬಿಡೋಣ ಅನ್ನಿಸ್ತಿದೆ ದೊಡ್ಡಪ್ಪ. ಮೂರನೇ ಅಧ್ಯಾಯಕ್ಕೆ ಬಂದು ನಿಂತುಬಿಟ್ಟಿದ್ದೀನಿ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆಗೀತೀನಿ, ‘ಕೆರೆಗಳ ನಿರ್ವಹಣೆ’ ಅನ್ನೋ ತಲೆಬರಹ ಕಾಣುತ್ತೆ, ಮುಚ್ಚಿಡ್ತೀನಿ.

ದೊಡ್ಡಪ್ಪ: ತೆಗೆಯೋದಕ್ಕೂ ಮುಚ್ಚೋದಕ್ಕೂ ನಡುವೆ ಮನಸ್ಸಿನಲ್ಲಿ ಏನು ಮಾತು ಬರುತ್ತೆ?

ವಸುಧಾ: ಮಾತು ಅಂತ ಏನಿಲ್ಲ, ಬೇಜಾರು ಅಷ್ಟೆ. ಇಲ್ಲ, ತಡೀರಿ. ‘ನನ್ನ ಕೈಲಾಗಲ್ಲ, ನಾನು ಯಾವುದನ್ನೂ ಮುಗಿಸೋಳಲ್ಲ’ ಅಂತ ಬರುತ್ತೆ.

ದೊಡ್ಡಪ್ಪ: ಅದು ನಿನಗೆ ಕೇಳಿಸಿತಲ್ಲ, ಎಷ್ಟೋ ಜನರಿಗೆ ಕೇಳಿಸೋದೇ ಇಲ್ಲ. ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಲ್ಲಿ ಗಮನಿಸಿದ್ದು ಇದನ್ನೇ. ಸಂಕಟಕ್ಕೆ ಮುಂಚೆ ಒಂದು ಯೋಚನೆ ಸರಕ್ಕನೆ ಹಾದುಹೋಗುತ್ತೆ. ಸಂಕಟ ನೆನಪಿರುತ್ತೆ, ಯೋಚನೆ ಜಾರಿಹೋಗಿರುತ್ತೆ. ಹಾಗಾಗಿ ಅದನ್ನು ಯಾರೂ ಪರೀಕ್ಷೆ ಮಾಡೋದೇ ಇಲ್ಲ.

ವಸುಧಾ: ಈಗ ನೀವು ಕನ್ನಡಿ ಮುಂದೆ ನಿಂತು ‘ನಾನು ಸಮರ್ಥೆ’ ಅಂತ ದಿನಾ ಹೇಳಿಕೋ ಅಂತೀರಿ.

ದೊಡ್ಡಪ್ಪ: ಖಂಡಿತ ಅನ್ನಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಯೋಚಿಸೋರಿಂದ ‘ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ’ ಅಂತ ಮತ್ತೆ ಮತ್ತೆ ಹೇಳಿಸಿದರು. ಹೇಳಿಕೊಳ್ಳದವರಿಗಿಂತ ಹೇಳಿಕೊಂಡವರೇ ಹೆಚ್ಚು ಕುಗ್ಗಿದರು. ಒಳಗೆ ಕೇಳಿಸಿಕೊಳ್ಳೋಳು ದಡ್ಡಿ ಅಲ್ಲ ಕಣಮ್ಮ. ‘ಸಮರ್ಥೆ’ ಅಂದ ತಕ್ಷಣ ‘ಸಾಕ್ಷಿ ತೋರಿಸು’ ಅಂತಾಳೆ.

ವಸುಧಾ: ಹಾಗಾದ್ರೆ ಒಳಗೆ ಇಬ್ಬರಿದ್ದಾರಾ? ಹೇಳೋಳು ಯಾರು, ಕೇಳೋಳು ಯಾರು?

ದೊಡ್ಡಪ್ಪ: ಇದಕ್ಕೆ ನನಗೆ ಹಿಡಿಸಿದ ಉತ್ತರ ರಷ್ಯಾದ ಮನೋವಿಜ್ಞಾನಿ ವಿಗೋಟ್‌ಸ್ಕಿಯದ್ದು. ಆತ ತೀರಿಕೊಂಡ 1934ರಲ್ಲೇ ಆ ಉತ್ತರ ಇರೋ ಪುಸ್ತಕ ಬಂತು. ಮಗು ಮೊದಲು ಬೇರೆಯವರ ಜೊತೆ ಮಾತಾಡುತ್ತೆ. ಆಮೇಲೆ ಆಟ ಆಡ್ತಾ ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತೆ. ಕೊನೆಗೆ ಅದೇ ಮಾತು ಸದ್ದಿಲ್ಲದೆ ಒಳಗೆ ಇಳಿಯುತ್ತೆ. ಅಂದಮೇಲೆ ನಿನ್ನೊಳಗಿನ ಮಾತು ಹುಟ್ಟುತ್ತಲೇ ನಿನ್ನದಾಗಿರಬೇಕಿಲ್ಲ. ಯಾವುದನ್ನೂ ಮುಗಿಸೋಳಲ್ಲ ಅಂತ ಮೊದಲು ಅಂದಿದ್ದು ಯಾರು?

ವಸುಧಾ: ಅಜ್ಜಿ. ನಾನು ಅರ್ಧಕ್ಕೆ ಬಿಟ್ಟ ಸ್ವೆಟರ್ ಬೀರುವಿನಲ್ಲಿ ಕಂಡಾಗಲೆಲ್ಲ. ಪ್ರೀತಿಯಿಂದಲೇ ಅಂತಿದ್ದರು.

ದೊಡ್ಡಪ್ಪ: ಅವರು ಸ್ವೆಟರ್ ನೋಡಿ ಅಂದರು. ನೀನು ಬದುಕಿಗೇ ಅನ್ವಯಿಸಿಕೊಂಡೆ. ಹೊರಗಿಂದ ಕಲಿತ ಮಾತಾದ್ದರಿಂದ ಇನ್ನೊಂದು ಮಾತನ್ನೂ ಕಲೀಬಹುದು.

ವಸುಧಾ: ಒಪ್ಪೋಕಾಗಲ್ಲ ದೊಡ್ಡಪ್ಪ. ಫೆಲೋಶಿಪ್ ದುಡ್ಡು ಬರದೆ ತಿಂಗಳುಗಳೇ ಆದವು. ಕಳಿಸಿದ ಅಧ್ಯಾಯವನ್ನ ಗೈಡ್ ಇನ್ನೂ ತೆಗೆದು ನೋಡಿಲ್ಲ. ಇದೆಲ್ಲ ನಾನು ಮನಸ್ಸಿನಲ್ಲಿ ಅಂದುಕೊಂಡದ್ದರಿಂದ ಆಯ್ತಾ? ‘ನಿನ್ನ ಯೋಚನೆ ಬದಲಿಸಿಕೋ’ ಅನ್ನೋದು ಎಷ್ಟೋ ಸಲ ಹೊರಗಿನ ತಪ್ಪನ್ನ ನಮ್ಮ ತಲೆಗೆ ಕಟ್ಟೋ ಉಪಾಯ.

ದೊಡ್ಡಪ್ಪ: ನಿಜ. ಆ ಮೋಸ ನಡೀತಿದೆ, ಅದಕ್ಕೆ ನನ್ನ ವಿರೋಧವೂ ಇದೆ. ಆದರೆ ಒಂದು ಯೋಚನೆ ಮಾಡು. ‘ನನ್ನ ಹಣೆಬರಹವೇ ಇಷ್ಟು’ ಅಂತ ನೀನು ಸುಮ್ಮನಾದರೆ ಯಾರಿಗೆ ಅನುಕೂಲ? ದುಡ್ಡು ಕೊಡಬೇಕಾದ ಕಚೇರಿಗೆ. ‘ಫೆಲೋಶಿಪ್ ಬಂದಿಲ್ಲ’ ಅಂದುಕೊಂಡರೆ ಅರ್ಜಿ ಬರೆಯೋಕೆ ಕೈ ಏಳುತ್ತೆ. ಹಣೆಬರಹದ ಮೇಲೆ ಅರ್ಜಿ ಹಾಕೋಕಾಗಲ್ಲ. ಇರೋದನ್ನ ಇದ್ದ ಹಾಗೆ ಹೇಳಿಕೋ, ಅಷ್ಟೇ ನಾನು ಕೇಳ್ತಿರೋದು. ಮೂರನೇ ಅಧ್ಯಾಯದಲ್ಲಿ ನಿಜವಾಗಿ ತಡೆದಿರೋದು ಏನು?

ವಸುಧಾ: ಬಿತ್ತುವಟ್ಟ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಂದ ಮಂಡ್ಯ ಕಡೆಯ ಶಾಸನಗಳನ್ನ ಚೀಟಿ ಮಾಡಿಟ್ಟುಕೊಂಡಿದ್ದೀನಿ. ಕೆಲವದರಲ್ಲಿ ಬಿತ್ತುವಟ್ಟ ಅಂದ್ರೆ ಕೆರೆ ಕಟ್ಟಿಸಿದವನಿಗೆ ಬಿಟ್ಟ ಭೂಮಿ ಅನ್ನಿಸುತ್ತೆ, ಕೆಲವದರಲ್ಲಿ ಕೆರೆಯ ದುರಸ್ತಿಗೆ ಬಿಟ್ಟದ್ದು ಅನ್ನಿಸುತ್ತೆ. ಎರಡನ್ನೂ ಒಂದೇ ಕೋಷ್ಟಕಕ್ಕೆ ಸೇರಿಸಿದರೆ ವಾದವೇ ಬಿದ್ದುಹೋಗುತ್ತೆ.

ದೊಡ್ಡಪ್ಪ: ಇದರಲ್ಲಿ ಕೈಲಾಗದಿರೋದು ಎಲ್ಲಿದೆ? ಶಾಸನಗಳನ್ನ ಸರಿಯಾಗಿ ಓದಿದವಳಿಗೆ ಮಾತ್ರ ಹುಟ್ಟೋ ಪ್ರಶ್ನೆ ಇದು. ಇನ್ನು ಮೇಲೆ ನಿನ್ನನ್ನ ನೀನೇ ಹೆಸರು ಹಿಡಿದು ಕೇಳು: ‘ವಸುಧಾ, ಯಾವ ಚೀಟಿಯಲ್ಲಿ ದುರಸ್ತಿಯ ಮಾತು ಸ್ಪಷ್ಟವಾಗಿದೆ?’ ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ತಂಡ 2014ರಲ್ಲಿ ಇದನ್ನು ಪರೀಕ್ಷಿಸಿತು. ಭಾಷಣದಂಥ ಒತ್ತಡದ ಕೆಲಸಕ್ಕೆ ಮುಂಚೆ ‘ನಾನು’ ಅನ್ನದೆ ತಮ್ಮ ಹೆಸರು ಹಿಡಿದು ಯೋಚಿಸಿದವರು ಹೆಚ್ಚು ಚೆನ್ನಾಗಿ ಮಾತಾಡಿದರು, ಆಮೇಲೆ ಕೊರಗಿದ್ದೂ ಕಡಿಮೆ.

ವಸುಧಾ: ಹೆಸರಿನಲ್ಲಿ ಅಂಥದ್ದೇನಿದೆ?

ದೊಡ್ಡಪ್ಪ: ಇದೇ ಚೀಟಿಗಳನ್ನ ಹಿಡಿದು ನಿನ್ನ ಗೆಳತಿ ಬಂದಿದ್ದರೆ ‘ನಿನ್ನ ಕೈಲಾಗಲ್ಲ’ ಅಂತಿದ್ದೆಯಾ? ಪಕ್ಕದಲ್ಲಿ ಕೂತು ಶಾಸನ ಓದ್ತಿದ್ದೆ. ಹೆಸರು ಹಿಡಿದಾಗ ನಿನಗೆ ನೀನೇ ಆ ಗೆಳತಿ ಆಗ್ತೀಯ. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ದಂಡಯಾತ್ರೆಯ ನಡುವೆಯೂ ತನ್ನನ್ನೇ ‘ನೀನು’ ಅಂತ ಕರೆದು ಟಿಪ್ಪಣಿ ಬರೆದುಕೊಂಡ. ನಮ್ಮಲ್ಲಿ ಡಿವಿಜಿ 1943ರಲ್ಲಿ ಕಗ್ಗ ಪ್ರಕಟಿಸಿದರು. ಅದರಲ್ಲಿರೋದು 945 ಪದ್ಯ, ‘ಮಂಕುತಿಮ್ಮ’ ಅಂತ ಕರೆದು ತಮಗೇ ಹೇಳಿಕೊಂಡ ಹಾಗೆ.

ವಸುಧಾ: ಡಿವಿಜಿ ತಮ್ಮನ್ನ ಮಂಕು ಅಂತ ಕರೆದುಕೊಳ್ತಾರೆ. ಹೊಗಳಿಕೊಳ್ಳೋದೇ ಇಲ್ಲ!

ದೊಡ್ಡಪ್ಪ: ಹೊಗಳಿಕೆ ಬೇಕಾಗಿಯೇ ಇಲ್ಲ. ಗದರಿದರೂ ಕೈಬಿಡಲ್ಲ ನೋಡು ಆ ದನಿ, ಅದು ಮುಖ್ಯ.

ವಸುಧಾ: ಇಷ್ಟು ಮಾಡಿದರೂ ಹಳೇ ಮಾತೇ ಬರ್ತಿದ್ದರೆ?

ದೊಡ್ಡಪ್ಪ: ಬರುತ್ತೆ. ಬಂದಾಗ ಅದು ಅಜ್ಜಿಯ ಸ್ವೆಟರಿನ ಮಾತು ಅಂತ ಗುರುತು ಹಿಡಿದು ಚೀಟಿ ತಗೋ. ಊಟ ನಿದ್ದೆ ಕೆಟ್ಟು ವಾರಗಟ್ಟಲೆ ಹಾಗೇ ಇದ್ದರೆ ಮಾತ್ರ ಒಬ್ಬಳೇ ಹೆಣಗಬೇಡ. ಒಳಗಿನ ಮಾತು ಹೊರಗಿಂದ ಬಂದದ್ದಾದರೆ ಅದನ್ನ ತಿದ್ದೋಕೂ ಹೊರಗಿನ ಒಂದು ದನಿ ಬೇಕಾಗುತ್ತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ.

ವಸುಧಾ: ಅಷ್ಟಾಗಿಲ್ಲ. ನಾಳೆ ಚೀಟಿಗಳನ್ನ ಎರಡು ಕಟ್ಟು ಮಾಡ್ತೀನಿ. ಸ್ಪಷ್ಟವಿಲ್ಲದ್ದು ಮೂರನೇ ಕಟ್ಟು.

ದೊಡ್ಡಪ್ಪ: ಅದಕ್ಕೆ ಮೊದಲು ಫೆಲೋಶಿಪ್ ಅರ್ಜಿ ಬರಿ. ಎರಡು ಪ್ರತಿ ತಗೊಂಡು ಹೋಗಿ, ನಿನ್ನ ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಕು ಹಾಕಿಸಿಕೊಂಡು ಬಾ.