ಮೂರನೇ ಸಲದ ‘ಬೇಡ’

‘ಹಬ್ಬ ಅಲ್ವಾ, ಒಂದಿನಕ್ಕೆ ಏನಾಗಲ್ಲ’ ಅನ್ನೋ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ. ನಮ್ಮ ದೊಡ್ಡಬಳ್ಳಾಪುರದ ಕಡೆ ಡಿಸೆಂಬರ್ ಕೊನೆಗೆ ಆ ‘ಒಂದಿನ’ ಎಷ್ಟು ಉದ್ದ ಇರುತ್ತೆ ಗೊತ್ತಾ? 25ಕ್ಕೆ ಪಕ್ಕದ ಮನೆಯಿಂದ ಪ್ಲಮ್ ಕೇಕು, ಕಲ್‌ಕಲ್ಲು, ರೋಸ್ ಕುಕೀಸು. ಭಾನುವಾರ ಕೋಳಿ ಕೂಗೋ ಮುಂಚೆ ಎದ್ದು ಹೊಸಕೋಟೆಯಲ್ಲಿ ದಮ್ ಬಿರಿಯಾನಿಗೆ ಕ್ಯೂ. 31ಕ್ಕೆ ನಂದಿ ಬೆಟ್ಟದ ತಪ್ಪಲಿನ ಯಾವುದೋ ಫಾರ್ಮ್‌ಹೌಸು. ಮನೆಯಲ್ಲಂತೂ ಅವರೆಕಾಯಿ ಸೀಸನ್ನು. ಸುಧಾರಿಸಿಕೊಳ್ಳೋ ಹೊತ್ತಿಗೆ ಸಂಕ್ರಾಂತಿಯ ಎಳ್ಳುಬೆಲ್ಲ.

ಇದರಲ್ಲಿ ಕ್ರಿಸ್‌ಮಸ್ಸಿನ ತಪ್ಪೇನಿಲ್ಲ. ಅದಕ್ಕೆ ಮುಂಚಿನ ಸುಮಾರು ನಾಲ್ಕು ವಾರದ ಅಡ್ವೆಂಟ್ ಹಿಂದೆ ಉಪವಾಸದ ಕಾಲವೂ ಆಗಿತ್ತು. ಹಸಿದವರಿಗೆ ಹಬ್ಬ. ನಾವು ಉಪವಾಸ ಬಿಟ್ಟು ಹಬ್ಬ ಮಾತ್ರ ಇಟ್ಟುಕೊಂಡ್ವಿ.

ಮಿತವಾಗಿ ತಿನ್ನಿ ಅಂತ ಎಲ್ಲರೂ ಉಪದೇಶ ಮಾಡೋದು ತಿನ್ನುವವನಿಗೇ. ಬಡಿಸುವವರಿಗೆ ಯಾರೂ ಹೇಳಲ್ಲ. ನಮ್ಮ ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಅವರು ‘ಬೇಡ’ ಅಂದ್ರೆ ಮೊದಲನೆಯದು ಮರ್ಯಾದೆಗೆ, ಎರಡನೆಯದು ನಾಚಿಕೆಗೆ ಅಂತ ನಮ್ಮ ಲೆಕ್ಕ. ಮೂರನೇ ‘ಬೇಡ’ ಹೇಳೋ ಹೊತ್ತಿಗೆ ಕೇಕು ತಟ್ಟೆಯಲ್ಲಿ ಕೂತಿರುತ್ತೆ. ಎಸೆಯೋದು ಪಾಪ ಅಂತ ಬೆಳೆದ ಮನುಷ್ಯ, ತಿಂತಾರೆ. ಇಲ್ಲಿ ಮಿತಿ ತಪ್ಪಿದ್ದು ಯಾರು?

ಈ ಲೆಕ್ಕ ಹುಟ್ಟಿದ್ದು ಬಡತನದ ಕಾಲದಲ್ಲಿ ಅನ್ಸುತ್ತೆ. ಆತಿಥೇಯರ ಮನೆ ಪಾತ್ರೆ ಬರಿದಾದೀತು ಅಂತ ಅತಿಥಿ ಹಸಿದಿದ್ದರೂ ‘ಸಾಕು’ ಅಂತಿದ್ದ. ಅದು ಗೊತ್ತಿದ್ದೇ ಮನೆಯವರು ಒತ್ತಾಯ ಮಾಡ್ತಿದ್ರು. ಇಬ್ಬರದ್ದೂ ದೊಡ್ಡ ಮನಸ್ಸು. ಈಗ ಫ್ರಿಜ್ಜು ತುಂಬಿದೆ, ಜೊತೆಗೆ ಐಸಿಎಂಆರ್ ನೆರವಿನ 2023ರ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನ ಮಧುಮೇಹಿಗಳಿದ್ದಾರೆ. ಇವತ್ತು ‘ಬೇಡ’ ಅಂದವರು ನಿಜವಾಗ್ಲೂ ಬೇಡ ಅಂತಲೇ ಹೇಳ್ತಿರಬಹುದು.

ಕುಡಿತದ ವಿಷಯ ಇನ್ನೂ ಕಷ್ಟ. ಒಂದು ಗ್ಲಾಸ್ ವೈನ್ ಹೃದಯಕ್ಕೆ ಒಳ್ಳೇದು ಅಂತ ಹೇಳಿಕೊಂಡು ಬಂದಿದ್ವಿ. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣ ಅಂತ ಒಂದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಹಾಗಾಗಿ ಇಲ್ಲಿ ಮಿತ ಅಂದ್ರೆ ಕಮ್ಮಿ ಹಾನಿ, ಅಷ್ಟೇ. ಕುಡಿಯೋದು ಬಿಡೋದು ಅವರವರ ಇಷ್ಟ, ನಾನು ಮೇಷ್ಟ್ರಲ್ಲ. ಆದ್ರೆ ಟೀಮ್ ಪಾರ್ಟಿಯಲ್ಲಿ ಜ್ಯೂಸ್ ಹಿಡಿದವರನ್ನ ‘ಯಾಕೆ ಬ್ರೋ?’ ಅಂತ ಹಿಂಡ್ತೀವಲ್ಲ, ಅದು ಅನ್ಯಾಯ. ಒಬ್ಬರು ಬಹಳ ಕಷ್ಟಪಟ್ಟು ಕುಡಿತ ಬಿಟ್ಟಿರಬಹುದು. ಇನ್ನೊಬ್ಬರು ಮೂರು ತಿಂಗಳ ಬಸುರಿ, ಇನ್ನೂ ಯಾರಿಗೂ ಹೇಳಿರಲ್ಲ. ‘ಆಂಟಿಬಯಾಟಿಕ್ ತಗೋತಿದ್ದೀನಿ’ ಅಂತ ಅವರು ಸುಳ್ಳು ಹೇಳಬೇಕಾಗಿ ಬರುತ್ತೆ. ಆ ಸುಳ್ಳು ಹೇಳಿಸಿದ್ದು ನಾವು.

ಹಾಗಂತ ಎಲ್ಲ ‘ಬೇಡ’ನೂ ಒಂದೇ ತೂಕದ್ದಲ್ಲ. ಬೇಕರಿ ಕೇಕನ್ನ ಬೇಡ ಅನ್ನೋದು ಸುಲಭ. ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದೇ ಕಾಳು ಹಿದುಕಿ ಮಾಡಿದ ಬೇಳೆ ಸಾರಿಗೆ ಹಾಗನ್ನೋಕೆ ನನ್ನ ಬಾಯಿ ಬರಲ್ಲ. ಅಲ್ಲಿ ತಿನ್ನೋದು ಕ್ಯಾಲೊರಿ ಮಾತ್ರ ಅಲ್ಲ, ಇನ್ನೊಬ್ಬರ ಬೆರಳ ನೋವು. ಒಂದು ಸೌಟು ಹಾಕಿಸಿಕೊಂಡು, ಸೊಗಡನ್ನ ಹೊಗಳಿ, ಸುಮ್ಮನೆ ಏಳೋದು ಸರಿ ಅನ್ಸುತ್ತೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ‘ಒಂದೇ ಸಲ ಕೇಳಿ ಬಿಟ್ರೆ ಕಾಟಾಚಾರ ಅಂದ್ಕೋತಾರೆ ಕಣೋ’ ಅಂದ್ರು. ಅದೂ ಸುಳ್ಳಲ್ಲ; ಬಾಯಿಗೆ ಬಾರದ ಪ್ರೀತಿಯನ್ನ ನಮ್ಮ ಜನ ಸೌಟಿನಲ್ಲಿ ತೋರಿಸೋದು. ಹಾಗಾದ್ರೆ ಒಮ್ಮೆ ಕೇಳಿ, ಪಾತ್ರೆಯನ್ನ ಅವರ ಕೈಗೆಟುಕೋ ಹಾಗೆ ಇಡೋಣ, ಬೇಕಾದ್ರೆ ಹಾಕ್ಕೋತಾರೆ ಅಂದೆ. ‘ಮನೇನ ಹೋಟ್ಲು ಮಾಡ್ಬೇಡ’ ಅಂದ್ರು. ಚಿಕ್ಕಪ್ಪ 25ಕ್ಕೆ ಬರ್ತಾರೆ. ಅಷ್ಟರೊಳಗೆ ನಾವಿಬ್ಬರೂ ರಾಜಿಯಾಗಬೇಕು.