ಕೊಳೆ ನೀರಿನ ತೊಟ್ಟಿ

ನೆಲ ಒರೆಸುವ ಕೆಲಸದಲ್ಲಿ ಕಷ್ಟವಾದದ್ದು ಉಜ್ಜುವುದಲ್ಲ, ಕೊಳೆಯನ್ನು ಮನೆಯಿಂದ ಆಚೆ ಹಾಕುವುದು. ಮೊದಲ ಕೋಣೆ ಮುಗಿಯುವಷ್ಟರಲ್ಲಿ ಬಕೆಟ್ಟಿನ ನೀರು ಬಗ್ಗಡವಾಗಿರುತ್ತದೆ. ಅದರಲ್ಲೇ ಅದ್ದಿ ಹಿಂಡಿದ ಬಟ್ಟೆ ಹಜಾರದ ಧೂಳನ್ನು ಅಡುಗೆಮನೆಗೆ ಹಚ್ಚಿ ಬರುತ್ತದೆ. ಸಂಜೆಯ ಓರೆಬಿಸಿಲಿನಲ್ಲಿ ಟೈಲ್ಸ್ ಮೇಲೆ ಎದ್ದು ಕಾಣುವ ಮಸುಕು ಗೆರೆಗಳು ಹೀಗೆ ಹುಟ್ಟಿದವು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಅದಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಬಿಳಿ ಕಲೆಯೂ ಸೇರುತ್ತದೆ.

ಈಗ ಅಂಗಡಿಗಳಲ್ಲಿ ಸಿಗುವ, ಗುಡಿಸುವುದನ್ನೂ ಒರೆಸುವುದನ್ನೂ ಒಟ್ಟಿಗೇ ಮಾಡುವ ಯಂತ್ರಕ್ಕೆ ಎರಡು ತೊಟ್ಟಿಗಳಿವೆ. ಒಂದರಿಂದ ಶುದ್ಧ ನೀರು ಸುತ್ತುವ ರೋಲರಿನ ಮೇಲೆ ಇಳಿಯುತ್ತದೆ. ನೆಲ ಉಜ್ಜಿದ ನೀರನ್ನು ಯಂತ್ರ ಹೀರಿ ಇನ್ನೊಂದಕ್ಕೆ ತುಂಬುತ್ತದೆ. ನೆಲಕ್ಕೆ ತಾಗುವುದು ಪ್ರತಿಸಲವೂ ಹೊಸ ನೀರು. ಈ ಒಂದು ವಿಷಯದಲ್ಲಿ ಅದು ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳುತ್ತದೆ. ಆಗಷ್ಟೇ ಗುಡಿಸಿ ಒರೆಸಿದ ನೆಲದ ಮೇಲೆ ಓಡಿಸಿದರೂ ಎರಡನೆಯ ತೊಟ್ಟಿಯಲ್ಲಿ ಕಂದು ನೀರು, ಕೂದಲು, ಸಣ್ಣ ಮರಳು ಬಂದು ಕೂರುತ್ತವೆ. ಇಷ್ಟು ದಿನ ಇದರ ಮೇಲೆಯೇ ಮಗು ಅಂಬೆಗಾಲಿಡುತ್ತಿತ್ತಲ್ಲ ಎಂದು ಮನಸ್ಸಿಗೆ ಚುಚ್ಚುತ್ತದೆ.

ಮಿತಿಗಳೂ ಇವೆ. ಇದು ಹೇಳಿ ಮಾಡಿಸಿದ್ದು ನುಣುಪಾದ, ಸಮತಟ್ಟಾದ ನೆಲಕ್ಕೆ. ಶಹಾಬಾದ್ ಕಲ್ಲಿನ ಸಂದುಗಳಲ್ಲಿ, ಹಳೆಯ ಕಾವಿ ನೆಲದ ಬಿರುಕುಗಳಲ್ಲಿ ಕೂತ ಮಣ್ಣು ಅಷ್ಟು ಸುಲಭಕ್ಕೆ ಏಳುವುದಿಲ್ಲ. ದೇವರ ಮನೆಯಲ್ಲಿ ದೀಪದಿಂದ ಚೆಲ್ಲಿ ಅಂಟಾದ ಎಣ್ಣೆಗೆ ಸೋಪೂ ಕೈಯೂ ಬೇಕು. ಹೊಸ್ತಿಲ ಬಳಿ ಎತ್ತಿಳಿಸಬೇಕು. ಗಿಡ್ಡ ಮಂಚದ ಅಡಿಗೆ ಅದರ ದಪ್ಪ ತಲೆ ಹೋಗುವುದಿಲ್ಲ. ನೊರೆ ಹೆಚ್ಚಾದರೆ ಹೀರುವುದಕ್ಕೆ ತೊಡಕು. ಇವೆಲ್ಲ ಹೊಂದಿಸಿಕೊಳ್ಳಬಹುದಾದ ಸಂಗತಿಗಳು.

ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಎರಡನೆಯ ತೊಟ್ಟಿ. ಅದನ್ನು ಅವತ್ತೇ ಚೆಲ್ಲಿ ತೊಳೆಯದಿದ್ದರೆ ಮರುದಿನ ಮನೆಯೆಲ್ಲ ನಾತ. ರೋಲರಿಗೆ ಸುತ್ತಿಕೊಂಡ ಕೂದಲನ್ನು ಕತ್ತರಿಸಿ ತೆಗೆಯಬೇಕು, ಗಾಳಿಗಿಟ್ಟು ಒಣಗಿಸಬೇಕು, ಫಿಲ್ಟರ್ ತೊಳೆಯಬೇಕು. ನೆಲದಲ್ಲಿ ಉಳಿದ ಸಮಯ ಬಚ್ಚಲಲ್ಲಿ ಖರ್ಚಾಗುತ್ತದೆ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ ಇದನ್ನೇ ಬಿಡಿಸಿ ತೋರಿಸಿದ್ದಾರೆ. ಯಂತ್ರಗಳು ಬಂದ ಮೇಲೆ ಗೃಹಿಣಿಯ ಮೈನೋವು ಇಳಿಯಿತು, ಆದರೆ ದುಡಿಮೆಯ ಹೊತ್ತು ಇಳಿಯಲಿಲ್ಲ. ಶುಚಿತ್ವದ ಅಳತೆಯೇ ಮೇಲೇರಿತು. ನಮ್ಮಲ್ಲೂ ನೋಡಿ, ದಿನಕ್ಕೊಮ್ಮೆ ಒರೆಸುತ್ತಿದ್ದ ಮನೆಯಲ್ಲಿ ಯಂತ್ರ ಬಂದಮೇಲೆ ‘ಹೇಗೂ ಇದೆಯಲ್ಲ’ ಎಂದು ಸಂಜೆಯೂ ಒರೆಸುತ್ತಾರೆ.

ಹಾಗಾದರೆ ಲಾಭವೇನು? ಮೊದಲ ಲಾಭ ಮಂಡಿಗೆ, ಸೊಂಟಕ್ಕೆ. ಅದಕ್ಕೆ ಮೋಟರೂ ಬೇಕಿರಲಿಲ್ಲ. ಸ್ಪೇನಿನಲ್ಲಿ ಹೆಂಗಸರು ಮಂಡಿಯೂರಿ ನೆಲ ಉಜ್ಜುತ್ತಿದ್ದ ಕಾಲದಲ್ಲಿ, 1956ರಲ್ಲಿ, ವಿಮಾನ ಎಂಜಿನಿಯರ್ ಮಾನುಯೆಲ್ ಹಾಲೋನ್ ಉದ್ದ ಕೋಲಿನ ಮಾಪನ್ನೂ ಅದನ್ನು ಹಿಂಡುವ ಬಕೆಟ್ಟನ್ನೂ ಮಾರಾಟಕ್ಕೆ ತಂದರು. ನೆಲ ಒರೆಸುವ ಸಾಧನಗಳಲ್ಲಿ ಅದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಕೋಲಿನ ಮಾಪು ನಮ್ಮ ಅಂಗಡಿಗಳಿಗೆ ಬಂದು ಎಷ್ಟೋ ಕಾಲವಾಯಿತು. ಆದರೂ ‘ಅದರಲ್ಲಿ ಮೂಲೆ ಸರಿಯಾಗಲ್ಲ, ಕೂತು ಬಟ್ಟೇಲೇ ಒರೆಸು’ ಎಂದು ಕೆಲಸದಾಕೆಗೆ ಹೇಳುವ ಮನೆಗಳು ಈಗಲೂ ಇವೆ. ಹೊಸ ಯಂತ್ರ ಕೊಂಡವರಲ್ಲೂ ಕೆಲವರು ‘ಅವಳ ಕೈಗೆ ಕೊಟ್ಟರೆ ಹಾಳಾಗುತ್ತೆ’ ಎಂದು ಅದನ್ನು ಒಳಗಿಟ್ಟು ಅವಳಿಗೆ ಹಳೆ ಬಟ್ಟೆ ಕೊಡುತ್ತಾರೆ. ಇದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ದಿನವೂ ನಾಲ್ಕಾರು ಮನೆಗಳ ನೆಲದ ಮೇಲೆ ಕುಕ್ಕರಗಾಲಲ್ಲಿ ಸರಿಯುವ ಮಂಡಿಗೇ ಅಲ್ಲವೇ ಅದು ಮೊದಲು ಸಲ್ಲಬೇಕಾದದ್ದು?

ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ತೊಡಗುವ ಗಂಡಸರು 88 ನಿಮಿಷ ಕೊಡುತ್ತಾರೆ. ಆದರೆ ಒರೆಸುವ ಬಟ್ಟೆಯನ್ನು ಹುಟ್ಟಿದಾಗಿನಿಂದ ಮುಟ್ಟದ ಗಂಡಸರು ಬ್ಯಾಟರಿ, ಪರದೆ, ಗುಂಡಿಗಳಿರುವ ಈ ಯಂತ್ರವನ್ನು ಖುಷಿಯಿಂದ ತಳ್ಳುವುದನ್ನು ನನ್ನ ಬಂಧುಗಳ ಮನೆಗಳಲ್ಲೇ ಕಂಡಿದ್ದೇನೆ. ಕಾರಣ ಏನೇ ಇರಲಿ, ಕೆಲಸ ಕೈ ಬದಲಿಸಿತು. ಅದು ಸಣ್ಣ ಸಂಗತಿಯಲ್ಲ. ತಳ್ಳಿ ಮುಗಿದ ಮೇಲೆ ಅವರು ಯಂತ್ರವನ್ನು ಚಾರ್ಜಿಗೆ ನಿಲ್ಲಿಸಿ ಎದ್ದುಹೋಗುತ್ತಾರೆ. ತೊಟ್ಟಿ ತುಂಬಿಯೇ ಇರುತ್ತದೆ. ಅದನ್ನು ಬಚ್ಚಲಿಗೆ ಹೊತ್ತು ಚೆಲ್ಲುವವಳು ಮೊದಲಿನವಳೇ.

ಹಾಗಾಗಿ, ಕೊಳ್ಳಬಹುದಾ ಎಂದು ಕೇಳುವವರಿಗೆ ನಾನೀಗ ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ನಿಮ್ಮ ಮನೆಯಲ್ಲಿ ಕೊಳೆ ನೀರು ಚೆಲ್ಲುವವರು ಯಾರು? ಅದಕ್ಕೊಂದು ಹೆಸರು ಹೇಳಿದ ಮೇಲೆ ಬೆಲೆ, ಬ್ಯಾಟರಿಯ ಮಾತಿಗೆ ಬರುತ್ತೇವೆ.